ಪ್ಯಾಲೆಟ್ ಮರ ವಿಷವೇ? ಹಲಗೆಯ ಮೇಲಿನ ಮುದ್ರೆ ಹೇಳುವುದೇನು, ಹೇಳದಿರುವುದೇನು?

ಗುಜರಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಪ್ಯಾಲೆಟ್ ಹಲಗೆಗಳಿಂದ ಹಿತ್ತಲಿಗೊಂದು ಬೆಂಚು, ತಾರಸಿಗೆ ಸೊಪ್ಪು ಬೆಳೆಯುವ ಪೆಟ್ಟಿಗೆ, ಚಪ್ಪಲಿ ಇಡುವ ಸ್ಟ್ಯಾಂಡ್ ಮಾಡಿಕೊಳ್ಳುವವರು ಈಗ ಹೆಚ್ಚಾಗಿದ್ದಾರೆ. ಇದರ ಬಗ್ಗೆ ಎರಡು ಬಗೆಯ ಸಂದೇಶಗಳು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತವೆ. ಒಂದು, 'ಪ್ಯಾಲೆಟ್ ಮರವೆಲ್ಲ ವಿಷ, ಮನೆಗೆ ತರಲೇಬೇಡಿ' ಎನ್ನುತ್ತದೆ. ಇನ್ನೊಂದು, 'ಎಚ್‌ಟಿ ಮುದ್ರೆ ಇದ್ದರೆ ಸಾಕು, ಪೂರ್ತಿ ಸುರಕ್ಷಿತ' ಎನ್ನುತ್ತದೆ. ಎರಡೂ ಅರ್ಧಸತ್ಯ. ಮನೆಯ ಮರಗೆಲಸದ ನಿಜವಾದ ಅಪಾಯಗಳು ಈ ಎರಡೂ ಸಂದೇಶಗಳಲ್ಲಿ ಇಲ್ಲ. ಒಂದೊಂದಾಗಿ ನೋಡೋಣ.

ಮುದ್ರೆ ಯಾಕೆ ಇರುತ್ತದೆ?

ಒಂದು ದೇಶದ ಮರದೊಳಗಿನ ಹುಳುಗಳು ಸರಕಿನ ಜೊತೆ ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿನ ಕಾಡನ್ನು ಹಾಳು ಮಾಡಬಾರದು ಎಂಬುದು ಇದರ ಉದ್ದೇಶ. ಇದಕ್ಕಾಗಿ 2002ರಲ್ಲಿ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಆ ಪ್ರಕಾರ, ದೇಶದ ಗಡಿ ದಾಟುವ ಪ್ಯಾಲೆಟ್‌ನ ಮರಕ್ಕೆ ಚಿಕಿತ್ಸೆ ಕೊಟ್ಟು ಮುದ್ರೆ ಒತ್ತಬೇಕು. ಮುದ್ರೆಯಲ್ಲಿ ತೆನೆಯ ಚಿತ್ರ, ದೇಶದ ಎರಡಕ್ಷರದ ಗುರುತು (ಭಾರತಕ್ಕೆ 'ಐಎನ್'), ತಯಾರಕರ ಸಂಖ್ಯೆ ಮತ್ತು ಚಿಕಿತ್ಸೆಯ ಗುರುತು ಇರುತ್ತವೆ. ಅಕ್ಷರಗಳೆಲ್ಲ ಇಂಗ್ಲಿಷ್‌ನಲ್ಲಿರುತ್ತವೆ.

ಎಚ್‌ಟಿ ಎಂದರೆ ಮರವನ್ನು ಬಿಸಿ ಮಾಡಲಾಗಿದೆ ಎಂದರ್ಥ. ಹಲಗೆಯ ನಡುಭಾಗವೂ ಸತತ 30 ನಿಮಿಷ ಕನಿಷ್ಠ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಇದರಲ್ಲಿ ರಾಸಾಯನಿಕ ಬಳಸುವುದಿಲ್ಲ. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಲಾಗಿದೆ ಎಂದರ್ಥ. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಅನಿಲದ ಬಳಕೆಯನ್ನು ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕಡಿತಗೊಳಿಸಲಾಗಿದೆ. ಕೀಟ ತಡೆಯುವ ಕ್ವಾರಂಟೈನ್ ಕೆಲಸಕ್ಕೆ ವಿನಾಯಿತಿ ಇದೆ.

ಹಾಗಾದರೆ ಎಂಬಿ ಮುದ್ರೆಯ ಹಲಗೆ ಮುಟ್ಟಿದರೆ ಅಪಾಯವೇ? ಮೀಥೈಲ್ ಬ್ರೋಮೈಡ್ ಸಾಮಾನ್ಯ ಉಷ್ಣತೆಯಲ್ಲಿ ಅನಿಲ. ಹೊಗೆ ಹಾಕಿದ ಮೇಲೆ ಗಾಳಿಗೆ ಬಿಟ್ಟಾಗ ಬಹುಪಾಲು ಹಾರಿಹೋಗುತ್ತದೆ. ದೊಡ್ಡ ಅಪಾಯ ಇರುವುದು ಹೊಗೆ ಹಾಕುವ ಕೆಲಸಗಾರರಿಗೆ. ಆದರೂ ತಿನ್ನುವ ಸೊಪ್ಪು ಬೆಳೆಯಲು, ಮಕ್ಕಳ ಆಟಿಕೆ ಮಾಡಲು ಇಂಥ ಹಲಗೆ ಬೇಡ. ಬೇರೆ ಹಲಗೆ ಸಿಗುವಾಗ ಇದನ್ನೇ ಆರಿಸುವ ಅಗತ್ಯವಿಲ್ಲ.

ಮುದ್ರೆ ಹೇಳದಿರುವುದು

ಎಚ್‌ಟಿ ಮುದ್ರೆ ಹಲಗೆಯ ಹುಟ್ಟಿನ ಬಗ್ಗೆ ಹೇಳುತ್ತದೆ, ಆಮೇಲಿನ ಬಾಳಿನ ಬಗ್ಗೆ ಅಲ್ಲ. ಅದೇ ಪ್ಯಾಲೆಟ್ ಮೇಲೆ ಕೀಟನಾಶಕದ ಡ್ರಮ್ ಇಟ್ಟಿರಬಹುದು, ಎಣ್ಣೆ ಚೆಲ್ಲಿರಬಹುದು. ಕಲೆ, ಜಿಡ್ಡು, ಗಾಢ ವಾಸನೆ ಇರುವ ಹಲಗೆಯನ್ನು ಮುದ್ರೆ ಇದ್ದರೂ ಬಿಟ್ಟುಬಿಡಿ. ಮುದ್ರೆಯೇ ಇಲ್ಲದ ಹಲಗೆ ವಿಷ ಎಂದೂ ಅಲ್ಲ. ದೇಶದೊಳಗೇ ಓಡಾಡುವ ಪ್ಯಾಲೆಟ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಅದರ ಹಿನ್ನೆಲೆ ಗೊತ್ತಿಲ್ಲ, ಅಷ್ಟೇ. ಇನ್ನೊಂದು ಮಾತು: ಬಿಸಿ ಮಾಡಿದ ಮರಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂಬುದು ತಪ್ಪು. ಆಗ ಇದ್ದ ಹುಳು ಸಾಯುತ್ತದೆ, ಮುಂದೆ ಬರುವುದನ್ನು ಅದು ತಡೆಯುವುದಿಲ್ಲ.

ಹಳೆ ಇಂಜಿನ್ ಆಯಿಲ್ ಬಳಿದರೆ?

ಗೆದ್ದಲಿಗೆ ಇದು ಊರೂರಲ್ಲಿ ಹೇಳುವ ಮದ್ದು. ಬಳಸಿ ತೆಗೆದ ಇಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಮತ್ತು ಲೋಹದ ಅಂಶಗಳು ಸೇರಿರುತ್ತವೆ. ಅವು ಚರ್ಮಕ್ಕೂ ಮಣ್ಣಿಗೂ ಸೇರುತ್ತವೆ. ಕುಳಿತುಕೊಳ್ಳುವ ಬೆಂಚಿಗಾಗಲಿ, ಗಿಡದ ಪೆಟ್ಟಿಗೆಗಾಗಲಿ ಇದನ್ನು ಬಳಿಯಬೇಡಿ. ಮರ ನೇರವಾಗಿ ಮಣ್ಣಿಗೆ ತಾಗದಂತೆ ಇಟ್ಟಿಗೆಯ ಮೇಲೆ ಇಡುವುದು ಇದಕ್ಕಿಂತ ಒಳ್ಳೆಯ ಉಪಾಯ.

ಧೂಳನ್ನು ಹಗುರವಾಗಿ ಕಾಣಬೇಡಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಮೂಗಿನ ಪಕ್ಕದ ಕುಹರಗಳ ಕ್ಯಾನ್ಸರ್ ಕಂಡುಬಂದದ್ದು ಹೆಚ್ಚಾಗಿ ವರ್ಷಗಟ್ಟಲೆ ಧೂಳಿನಲ್ಲಿ ದುಡಿದವರಲ್ಲಿ. ತಿಂಗಳಿಗೊಂದು ದಿನ ಹಲಗೆ ಉಜ್ಜುವವರು ಹೆದರಬೇಕಾಗಿಲ್ಲ. ಆದರೆ ಉಬ್ಬಸ ಇರುವವರಿಗೆ ಒಂದೇ ದಿನದ ಧೂಳೂ ತೊಂದರೆ ಕೊಡಬಹುದು. ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಸ್ಯಾಂಡ್ ಪೇಪರ್ ಕೆಲಸ ಮನೆಯ ಹೊರಗೆ ಮಾಡಿ. ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ದಿನವೂ ಇದೇ ಧೂಳಿನಲ್ಲಿರುವ ನಿಮ್ಮ ಬೀದಿಯ ಬಡಗಿಗೂ ಈ ವಿಷಯ ಹೇಳಿ.

ಉಳಿದ ತುಂಡು ಬಚ್ಚಲೊಲೆಗೆ ಹಾಕಬಹುದೇ?

ಚಿಕಿತ್ಸೆಯಿಲ್ಲದ, ಬಣ್ಣ ಬಳಿಯದ ಮರವಾದರೆ ಸರಿ. ಪ್ಲೈವುಡ್, ಎಂಡಿಎಫ್ ತುಂಡುಗಳಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟು ಸಾಮಾನ್ಯ. ಅವುಗಳನ್ನು ಸುಡಬೇಡಿ. ಇನ್ನೂ ಎಚ್ಚರ ಬೇಕಾದದ್ದು ಸಿಸಿಎ ಎಂಬ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ದ್ರಾವಣ ಹೀರಿಸಿದ ಮರದ ಬಗ್ಗೆ. ಇದನ್ನು 1933ರಲ್ಲಿ ಕಂಡುಹಿಡಿದದ್ದು ಭಾರತೀಯ ವಿಜ್ಞಾನಿ ಸೊಂಟಿ ಕಾಮೇಶಂ. ಕಂಬ, ಬೇಲಿಗೂಟಗಳ ಆಯಸ್ಸು ಹೆಚ್ಚಿಸಿದ ದೊಡ್ಡ ಸಾಧನೆ ಅದು. ಆದರೆ ಅಂಥ ಮರ ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಆ ಬೂದಿ ಗಿಡಕ್ಕೂ ಬೇಡ, ಪಾತ್ರೆ ತಿಕ್ಕಲೂ ಬೇಡ. ಹೊಸದರಲ್ಲಿ ಹಸಿರು ಛಾಯೆ ಇರುತ್ತದೆ, ಹಳತಾದ ಮೇಲೆ ಮಾಸುತ್ತದೆ. ಆದ್ದರಿಂದ ಹಳೆಯ ಕಂಬ, ಗೂಟಗಳ ತುಂಡನ್ನು ಒಲೆಗೆ ಹಾಕದಿರುವುದೇ ಲೇಸು.

ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆಯೇ?

ಕಟ್ಟುಕಥೆಯಂತೆ ಕೇಳಿಸುತ್ತದೆ, ಆದರೆ ನಿಜ. ಮರಕ್ಕೆ ಹೊಳಪು ಕೊಡಲು ಬಳಸುವ ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಶಾಖ ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಹೊರಹೋಗದೆ ಏರುತ್ತಾ ಹೋಗಿ ಬೆಂಕಿಯೇ ಹೊತ್ತಬಹುದು. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಇಂಥ ಎಣ್ಣೆಬಟ್ಟೆಗಳಿಂದಲೇ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ತೆಂಗಿನೆಣ್ಣೆ ಹೀಗೆ ಒಣಗುವ ಎಣ್ಣೆಯಲ್ಲ, ಅದಕ್ಕೇ ಮನೆಯಲ್ಲಿ ಈ ಅಪಾಯ ನಮಗೆ ಹೊಳೆಯುವುದಿಲ್ಲ. ಅಗಸೆ ಎಣ್ಣೆಯ ಬಟ್ಟೆಯನ್ನು ಮನೆಯ ಹೊರಗೆ ಬಿಡಿಸಿ ಹರವಿ ಒಣಗಿಸಿ, ಅಥವಾ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ನಮ್ಮ ನಿರ್ಣಯ

'ಪ್ಯಾಲೆಟ್ ಮರವೆಲ್ಲ ವಿಷ' ಎಂಬುದು ತಪ್ಪು. 'ಎಚ್‌ಟಿ ಇದ್ದರೆ ಪೂರ್ತಿ ಸುರಕ್ಷಿತ' ಎಂಬುದೂ ತಪ್ಪು. ಎಚ್‌ಟಿ ಮುದ್ರೆಯ, ಕಲೆಯಿಲ್ಲದ, ವಾಸನೆಯಿಲ್ಲದ ಹಲಗೆ ಸಿಕ್ಕರೆ ಧೈರ್ಯವಾಗಿ ಬೆಂಚು ಮಾಡಿ, ಸೊಪ್ಪೂ ಬೆಳೆಯಿರಿ. ಈ ಬಗ್ಗೆ ಯಾರಿಗಾದರೂ ಫಾರ್ವರ್ಡ್ ಮಾಡುವುದಿದ್ದರೆ ಮುದ್ರೆಯ ಫೋಟೋಕ್ಕಿಂತ ಮೊದಲು ಈ ಮೂರು ಮಾತು ಕಳುಹಿಸಿ: ಮಾಸ್ಕ್ ಹಾಕಿ, ಗುರುತಿಲ್ಲದ ಮರ ಸುಡಬೇಡಿ, ಎಣ್ಣೆಬಟ್ಟೆ ಮುದ್ದೆ ಮಾಡಿ ಇಡಬೇಡಿ.