ಕನ್ನಡದ ವರದಿಯೊಳಗ ಪೌಂಡ್ ಚಿಹ್ನೆ (ಭಾಗ 4)

ಪ್ರಾಜೆಕ್ಟಿಗೆ ಅಂತ ನಮ್ಮ ಹುಲಕೋಟಿ ಕಡೆಯ ಒಂದು ಸಹಕಾರಿ ಸಂಘದ ಹಳೇ ವಾರ್ಷಿಕ ವರದಿ ಪೆನ್‌ಡ್ರೈವ್‌ನಾಗ ತಂದಿದ್ದೆ. ಅವರ ಕಂಪ್ಯೂಟರ್‌ನಾಗ ಚಂದ ಕನ್ನಡ. ನನ್ನ ಲ್ಯಾಪ್‌ಟಾಪ್‌ನಾಗ ತೆಗೆದ್ರ ಬರೀ ಇಂಗ್ಲಿಷ್ ಅಕ್ಷರ, ತಲಿ ಮ್ಯಾಲ ಗೀಟು, ನಡುನಡುವ ಪೌಂಡ್ ಚಿಹ್ನೆ. ಬಿಕಾಂ ತಲಿ ನೋಡ್ರಿ, ಸಂಘದವರು ಯಾವಾಗ ಬ್ರಿಟಿಷರ ರೊಕ್ಕದಾಗ ಲೆಕ್ಕ ಬರದ್ರು ಅಂತ ಗಾಬರಿ ಆತು!

ಫೈಲು ಕೆಟ್ಟಿರಲಿಲ್ಲ. ಇದಕ್ಕೊಂದು ಇತಿಹಾಸ ಇದೆ.

ಆಗಿನ ಕಂಪ್ಯೂಟರುಗಳು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳನ್ನು ನೆನೆದು ಮಾಡಿದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಅವರ ಉಪಾಯ ಏನಂದ್ರೆ, ಯಂತ್ರದೊಳಗೆ ಉಳಿಯೋದು ಇಂಗ್ಲಿಷ್ ಅಕ್ಷರದ ಸಂಖ್ಯೆಯೇ. ಫಾಂಟ್ ಆ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತೆ. ನುಡಿಯ ಹಳೇ ಫಾಂಟಿನಲ್ಲಿ 'ಕ' ಅಂದ್ರೆ ಒಳಗೆ ದೊಡ್ಡ ಪಿ, 'ಡ' ಅಂದ್ರೆ ಸಣ್ಣ ಕ್ಯೂ, 'ನ' ಅಂದ್ರೆ ಪೌಂಡ್. ಆ ಫಾಂಟ್ ಇಲ್ಲದ ಯಂತ್ರಕ್ಕೆ ಹೋದ್ರೆ ಬಣ್ಣ ಬಯಲು. ಹಂಗಂತ ಅವರನ್ನ ಬೈಬ್ಯಾಡ್ರಿ, ಡಿಟಿಪಿ ಅಂಗಡಿಗಳಿಗೆ ಕನ್ನಡ ಕೊಟ್ಟಿದ್ದು ಇಂಥ ಉಪಾಯಗಳೇ.

ಎಲ್ಲ ಯಂತ್ರಕ್ಕೂ ಒಂದೇ ಸಂಖ್ಯೆ ಅನ್ನೋ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಮನೆ ಮೀಸಲಿಟ್ಟಿತ್ತು. ಆದರೆ ವಿಂಡೋಸ್‌ನಲ್ಲಿ ಅದು ಕಂಡಿದ್ದು 2001ರ ಎಕ್ಸ್‌ಪಿ ಬಂದಾಗ, 'ತುಂಗಾ' ಫಾಂಟಿನ ಜೊತೆ. ಪಂಕ್ತಿಯಲ್ಲಿ ಎಲೆ ಹಾಕಿ ಹತ್ತು ವರ್ಷ ಆದಮ್ಯಾಲ ಊಟ ಬಡಿಸಿದಂಗ!

ಸಂಖ್ಯೆ ಒಂದಾದರೂ ಗೋಳು ತಪ್ಪಲಿಲ್ಲ. 2018ರ ಫೆಬ್ರವರಿ ನೆನಪದ ಏನು? ತೆಲುಗಿನ ಒಂದು ಒತ್ತಕ್ಷರ ಮೆಸೇಜಿನಲ್ಲಿ ಬಂದ್ರೆ ಸಾಕು, ಐಫೋನಿನ ಆ್ಯಪ್‌ಗಳು ಬಿದ್ದು ಹೋಗ್ತಿದ್ವು. ಅಷ್ಟು ದೊಡ್ಡ ಕಂಪನಿಯ ಪರೀಕ್ಷೆಯನ್ನೂ ದಾಟಿ ಆ ದೋಷ ಹೊರಗೆ ಬಂದಿತ್ತು.

ನಮ್ಮ ಕಾಮರ್ಸ್‌ನವರಿಗೆ ಇದಕ್ಕಿಂತ ದೊಡ್ಡ ಅಪಾಯ ತಾರೀಖಿನದು. ಭಾಷೆ, ತಾರೀಖು, ಅಲ್ಪವಿರಾಮ ಯಾವ ದೇಶದ ಪದ್ಧತಿಯಲ್ಲಿರಬೇಕು ಅಂತ ಹೇಳೋ ಸೆಟ್ಟಿಂಗಿಗೆ ಲೊಕೇಲ್ ಅಂತಾರೆ. ಅಮೆರಿಕದ ಲೊಕೇಲ್ ಇರೋ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ 03/04 ಅಂತ ಟೈಪ್ ಮಾಡಿದ್ರೆ ನಿಮ್ಮ ಏಪ್ರಿಲ್ 3 ಸದ್ದಿಲ್ಲದೆ ಮಾರ್ಚ್ 4 ಆಗುತ್ತೆ. ಅಂದ್ರೆ ಎಂಟ್ರಿ ಹಿಂದಿನ ಆರ್ಥಿಕ ವರ್ಷಕ್ಕೆ ಹೋತು! 13/04 ಅಂತ ಹೊಡೆದ್ರೆ ಮಾತ್ರ ಸಿಕ್ಕಿಬೀಳುತ್ತೆ. 13ನೇ ತಿಂಗಳು ಎಲ್ಲಿದೆ? ಅದು ಬರೀ ಅಕ್ಷರವಾಗಿ ಕೂತ್ಕೊಳ್ಳುತ್ತೆ. ಅದಕ್ಕೇ ಪರೀಕ್ಷೆ ಮಾಡುವಾಗ 12 ದಾಟಿದ ತಾರೀಖನ್ನೂ ಕೊಡಬೇಕು, ಒಂದು ಲಕ್ಷ 1,00,000 ಅಂತ ಬರುತ್ತೋ 100,000 ಅಂತ ಬರುತ್ತೋ ನೋಡಬೇಕು, ಅದೂ ಬೇರೆ ಬೇರೆ ಸೆಟ್ಟಿಂಗಿನ ಎರಡು ಯಂತ್ರಗಳಲ್ಲಿ.

ವರದಿಯನ್ನ ಯೂನಿಕೋಡಿಗೆ ಬದಲಿಸಿದೆ. ಕೆಲವು ಒತ್ತಕ್ಷರ ಹಾರಿಹೋಗ್ಯಾವ, ಅವು ಇದ್ದಿದ್ದು ಸದಸ್ಯರ ಹೆಸರಿನಾಗ. ಶನಿವಾರ ಮತ್ತ ಸಂಘಕ್ಕ ಹೋಗಿ ಅವರ ಕಂಪ್ಯೂಟರ್ ಮುಂದ ಕೂತು ಒಂದೊಂದೇ ಹೆಸರು ತಾಳೆ ನೋಡ್ತೀನಿ. ಓದಿ ಹೇಳೋಕೆ ಯಾರರ ಜೊತಿ ಬರ್ತೀರೇನ್ರಿ?