ಎರಡು ಸೂರ್ಯೋದಯಗಳ ಪಯಣ

ಲಂಕೆಗೆ ಹಾರಿದವರಾರೆಂದು ಕೇಳಿದರೆ ನಮ್ಮಲ್ಲಿ ಮಕ್ಕಳು ಸಹ ಆಂಜನೇಯನ ಹೆಸರು ಹೇಳುತ್ತಾರೆ. ಅವನು ದಾಟಿದ ಕಡಲು ನೂರು ಯೋಜನ. ಅದೇ ಲಂಕೆಗೆ ಕಳೆದ ಶತಮಾನದಲ್ಲಿ ನಡೆದ ಇನ್ನೊಂದು ಸಾಗರೋಲ್ಲಂಘನದ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

1942ರ ಫೆಬ್ರುವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಯಿತು. ಅದರ ಬೆನ್ನಿಗೇ ಜಾವಾ, ಬರ್ಮಾ, ಅಂಡಮಾನುಗಳೂ ಬಿದ್ದುವು. ಸಿಂಗಪುರದ ಮೇಲೆ ಹಾದು ಆಸ್ಟ್ರೇಲಿಯವನ್ನೂ ಇಂಗ್ಲೆಂಡನ್ನೂ ಕೂಡಿಸುತ್ತಿದ್ದ ವಿಮಾನಮಾರ್ಗ ಕಡಿದುಹೋಯಿತು. ಉಳಿದದ್ದು ಹಿಂದೂ ಮಹಾಸಾಗರದ ದಾರಿ. ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಿಂದ ಲಂಕೆಯ ದಕ್ಷಿಣ ತೀರದ ಕೊಗ್ಗಲ ಸರೋವರಕ್ಕೆ ಸುಮಾರು 5,650 ಕಿಲೋಮೀಟರು. ನಡುವೆ ನಿರ್ಭಯವಾಗಿ ಇಳಿದು ಎಣ್ಣೆ ತುಂಬಿಕೊಳ್ಳುವ ತಾಣವಿಲ್ಲ.

1943ರ ಜುಲೈಯಲ್ಲಿ ಆಸ್ಟ್ರೇಲಿಯದ ಕ್ವಾಂಟಸ್ ಸಂಸ್ಥೆ ಈ ಮಾರ್ಗದಲ್ಲಿ ಸಂಚಾರವನ್ನಾರಂಭಿಸಿತು. ಬಳಸಿದ್ದು ನೀರಿನಿಂದಲೇ ಏರಿ ನೀರಿಗೇ ಇಳಿಯುವ ಕ್ಯಾಟಲಿನಾ ವಿಮಾನಗಳನ್ನು. ನಮ್ಮ ನಾಡಿಗೂ ಈ ಜಾತಿಯ ವಿಮಾನಗಳು ಬಂದಿದ್ದುವು. ಯುದ್ಧಕಾಲದಲ್ಲಿ ಅವು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿಳಿದು ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ದುರಸ್ತಿಗೊಳ್ಳುತ್ತಿದ್ದುವು.

ಇಲ್ಲಿ ದೂರವನ್ನು ಗೆಲ್ಲುವ ಉಪಾಯ ವೇಗವಲ್ಲ, ಭಾರದ ಲೆಕ್ಕ. ಗಂಟೆಗೆ 200 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗುವ ವಿಮಾನಕ್ಕೆ ಈ ದಾರಿ 27ರಿಂದ 33 ಗಂಟೆಗಳದು. ಅಷ್ಟು ಹೊತ್ತಿಗೆ ಬೇಕಾದ ಎಣ್ಣೆಯನ್ನು ಹೊತ್ತ ಮೇಲೆ ಉಳಿದುದಕ್ಕೆ ಎಡೆಯೆಲ್ಲಿ? ಅನಾವಶ್ಯಕವಾದುದನ್ನೆಲ್ಲ ಕಿತ್ತು ತೆಗೆದರು. ಕೊನೆಗೆ ಸ್ಥಳ ದೊರೆತದ್ದು ಮೂವರು ಪ್ರಯಾಣಿಕರಿಗೆ ಮತ್ತು 69 ಕಿಲೋಗ್ರಾಂ ಅಂಚೆಗೆ ಮಾತ್ರ. ಯುದ್ಧದಲ್ಲಿ ತುರ್ತು ಅಂಚೆಗೆ ಎಷ್ಟು ಬೆಲೆಯಿತ್ತೆಂಬುದನ್ನು ಈ ಅಂಕಿಯಿಂದಲೇ ತಾವು ಊಹಿಸಬಹುದು.

ಶತ್ರುಗಳ ಕಣ್ಗಾವಲಿದ್ದ ಕಡಲನ್ನು ಕತ್ತಲೆಯಲ್ಲಿ ದಾಟುವಂತೆ ಹೊರಡುವ ವೇಳೆಯನ್ನು ಗೊತ್ತುಮಾಡುತ್ತಿದ್ದರು. ದಾರಿಯಲ್ಲಿ ರೇಡಿಯೋ ಮೌನ ಕಡ್ಡಾಯ. ಮಾತೊಂದು ಹೊರಟರೆ ಶತ್ರುವಿಗೆ ಸುಳಿವು ಸಿಕ್ಕಂತೆಯೇ. ಆ ಮೌನದ ಭಾರ ನಮಗೂ ಅರ್ಥವಾದೀತು. ಹಾಗಾದರೆ ದಿಕ್ಕು ತೋರುವವರಾರು? ನಕ್ಷತ್ರಗಳು. ಐದು ವಿಮಾನಗಳಿಗೂ ನಕ್ಷತ್ರಗಳದೇ ಹೆಸರು: ಆಲ್ಟೇರ್, ವೇಗಾ, ಅಂಟಾರೆಸ್, ಸ್ಪೈಕಾ, ರೈಜೆಲ್. ಮೊದಲಿನ ನಾಲ್ಕು ನಮಗೆ ಹೊಸಬರಲ್ಲ. ಕ್ರಮವಾಗಿ ಅವು ನಮ್ಮ ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ನಕ್ಷತ್ರಗಳೇ.

ಹಗಲೂ ಇರುಳೂ ಮುಗಿದು ಮತ್ತೊಂದು ಹಗಲಿಗೆ ಮುಟ್ಟುವ ಈ ಪಯಣದಲ್ಲಿ ಪ್ರಯಾಣಿಕನು ಆಕಾಶದಲ್ಲಿದ್ದಂತೆಯೇ ಎರಡು ಸೂರ್ಯೋದಯಗಳನ್ನು ಕಾಣುತ್ತಿದ್ದನು. ಅದಕ್ಕಾಗಿ ‘ಎರಡು ಸೂರ್ಯೋದಯಗಳ ರಹಸ್ಯ ಗಣ’ದ ಸದಸ್ಯನೆಂದು ಅವನಿಗೊಂದು ಪ್ರಮಾಣಪತ್ರ ಸಲ್ಲುತ್ತಿತ್ತು. ಅತಿ ದೀರ್ಘವಾದ ಹಾರಾಟ 32 ಗಂಟೆ 9 ನಿಮಿಷ ನಡೆಯಿತು.

1945ರ ಜುಲೈಯಲ್ಲಿ ಈ ಸಂಚಾರ ನಿಂತಿತು. ಅಷ್ಟರಲ್ಲಿ ಸಾಗರವನ್ನು 271 ಸಲ ದಾಟಿದ್ದರು. ಒಂದು ವಿಮಾನವೂ ನಷ್ಟವಾಗಲಿಲ್ಲ. ಒಂದು ಜೀವವೂ ಹೋಗಲಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಆ ಐದು ವಿಮಾನಗಳನ್ನೂ ಬೇಕೆಂದೇ ಆಸ್ಟ್ರೇಲಿಯದ ಕಡಲಿನಲ್ಲಿ ಮುಳುಗಿಸಿದರು.

2018ರ ಮಾರ್ಚಿಯಲ್ಲಿ ಅದೇ ಸಂಸ್ಥೆಯ ವಿಮಾನ ಪರ್ತಿನಿಂದ ಲಂಡನ್ನಿಗೆ, ಸುಮಾರು 14,500 ಕಿಲೋಮೀಟರನ್ನು, ಎಲ್ಲಿಯೂ ಇಳಿಯದೆ ಹದಿನೇಳು ಗಂಟೆಗಳಷ್ಟರಲ್ಲಿ ಹಾರಿ ಮುಟ್ಟಿತು. ಅದರಲ್ಲಿ ಕುಳಿತವರು ಇನ್ನೂರಕ್ಕೂ ಹೆಚ್ಚು ಮಂದಿ. ಅವರಿಗಿಂತ ಮುಂಚೆ ಮೂವರು ಮೂವರಾಗಿ, ಚಳಿಯಲ್ಲಿ ನಡುಗುತ್ತ, ಮಾತಿಲ್ಲದ ಕತ್ತಲೆಯಲ್ಲಿ ಅದೇ ಊರಿನಿಂದ ಹೊರಟವರನ್ನೂ ನಾವು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.