ಹತ್ತಿ ವ್ಯಾಪಾರಿಗಳು ಎಳೆದ ಗಡಿ

(1/5)
ಅಂಕೋಲಾದಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇರೋದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಅಪ್ಪ ವರ್ತಕರ ಸಂಘದ ಸದಸ್ಯರು. ಸಂಘದವರು ವರ್ಷಕ್ಕೆ ಎರಡು ಸಲವಾದ್ರೂ ಯಾರಿಗಾದ್ರೂ ಮನವಿ ಪತ್ರ ಕೊಡ್ತಾರೆ. ಶಾಲು, ಹಾರ, ಒಂದು ಫೋಟೋ. ಮರುದಿನ ಪೇಪರಿನ ಒಳಪುಟದಲ್ಲಿ ಅದು ಬರುತ್ತೆ, ಅಪ್ಪ ಕತ್ತರಿಸಿ ಲೆಕ್ಕದ ಪುಸ್ತಕದೊಳಗೆ ಇಡ್ತಾರೆ. "ಕೆಲಸ ಆಯ್ತಾ?" ಅಂದ್ರೆ "ಕೊಟ್ಟಿದ್ದೀವಲ್ಲ" ಅಂತಾರೆ.

ಈ ಸೆಮಿಸ್ಟರ್ ಸೆಮಿನಾರಿಗೆ ನಾನು ಆರಿಸಿಕೊಂಡ ವಿಷಯ "ವ್ಯಾಪಾರಿ ಸಂಘಗಳು ಮತ್ತು ಸರ್ಕಾರ". ಹುಡುಕ್ತಾ ಹೋದಾಗ ಸಿಕ್ಕಿದ್ದು ಏನು ಗೊತ್ತಾ? ನಮ್ಮ ಉತ್ತರ ಕನ್ನಡ 94 ವರ್ಷ ಬಾಂಬೆ ಆಡಳಿತದಲ್ಲಿ ಇದ್ದದ್ದೇ ವ್ಯಾಪಾರಿಗಳ ಮನವಿಯಿಂದ. ಕೇಳಿದವರಲ್ಲಿ ದೊಡ್ಡ ದನಿ ಮ್ಯಾಂಚೆಸ್ಟರ್‌ನವರದ್ದು!

(2/5)
ಮೊದಲು ಹತ್ತಿ ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು ಅಂತ ನೋಡೋಣ. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಕಪ್ಪು ಎರೆಭೂಮಿಯಲ್ಲಿ ಹತ್ತಿ ಬೆಳೀತಿತ್ತು. ಅದು ಚಕ್ಕಡಿಯಲ್ಲಿ, ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಪತ್ತೆಮಾರಿಗಳಲ್ಲಿ ಬಾಂಬೆಗೆ ಹೋಗ್ತಿತ್ತು. ಬಾಂಬೆ, ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಆ ಹತ್ತಿಯ ಹೆಸರೇ "ಕುಮಟಾ". ಕುಮಟಾದಲ್ಲಿ ಹತ್ತಿ ಬೆಳೆಯೋದೇ ಇಲ್ಲ ಅನ್ನೋದು ಬೇರೆ ಮಾತು.

ತೊಂದರೆ ಏನಂದ್ರೆ ಕುಮಟಾದ ದಂಡೆಗೆ ಸಮುದ್ರದಿಂದ ರಕ್ಷಣೆ ಇಲ್ಲ. ಮಳೆಗಾಲ ಶುರುವಾದ್ರೆ ವ್ಯಾಪಾರ ಬಂದ್. ಕಾಳಿ ನದಿ ಸಮುದ್ರ ಸೇರೋ ಕಡೆ, ಸದಾಶಿವಗಡ-ಕಾರವಾರದಲ್ಲಿ, ಒಳ್ಳೆ ನೈಸರ್ಗಿಕ ಬಂದರು ಇತ್ತು. ಆದ್ರೆ ಅಲ್ಲಿಂದ ಧಾರವಾಡಕ್ಕೆ ಗಾಡಿ ಹೋಗೋ ಸರಿಯಾದ ರಸ್ತೆ ಇರಲಿಲ್ಲ. ಇನ್ನೊಂದು ಗಂಟು: ಹತ್ತಿ ಬೆಳೆಯೋ ಧಾರವಾಡ ಬಾಂಬೆ ಸರ್ಕಾರದ ಕೆಳಗೆ, ಬಂದರು ಇರೋ ಕೆನರಾ ಮದ್ರಾಸ್ ಸರ್ಕಾರದ ಕೆಳಗೆ. ರಸ್ತೆ ಮಾಡಿಸಿದ್ರೆ ಖರ್ಚು ಮದ್ರಾಸಿಗೆ, ಲಾಭ ಬಾಂಬೆಗೆ. ನೀವೇ ಮದ್ರಾಸಿನ ಅಧಿಕಾರಿ ಆಗಿದ್ರೆ ಆ ಫೈಲನ್ನ ಮೇಲಕ್ಕೆ ಇಡ್ತಿದ್ರಾ?

(3/5)
ಈಗ ಮ್ಯಾಂಚೆಸ್ಟರ್. ಅಲ್ಲಿನ ಮಿಲ್‌ಗಳಿಗೆ ಬರೋ ಹತ್ತಿಯಲ್ಲಿ ಬಹುಪಾಲು ಅಮೆರಿಕದ್ದು, ಅಂದ್ರೆ ಗುಲಾಮರು ಬೆಳೆದದ್ದು. ಒಂದೇ ಕಡೆಯಿಂದ ಮಾಲು ತರಿಸೋದು ಅಪಾಯ ಅಂತ ಅವರಿಗೆ ಮೊದಲೇ ಗೊತ್ತಿತ್ತು. 1857ರಲ್ಲಿ ಕಾಟನ್ ಸಪ್ಲೈ ಅಸೋಸಿಯೇಶನ್ ಅಂತ ಒಂದು ಸಂಘ ಕಟ್ಟಿದ್ರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು, ಹತ್ತಿ ನಿಂತಿತು, ಲ್ಯಾಂಕಾಶೈರ್‌ನಲ್ಲಿ ಲಕ್ಷಾಂತರ ಕೂಲಿಗಳು ಕೆಲಸ ಇಲ್ಲದೆ ಕೂತ್ರು.

ಅವರು ಸರ್ಕಾರದ ಬಾಗಿಲು ತಟ್ಟಿದ ರೀತಿ ನೋಡಿ. ಮ್ಯಾಂಚೆಸ್ಟರ್ ಚೇಂಬರ್ ಆಫ್ ಕಾಮರ್ಸ್‌ಗೆ ವರ್ಷಗಟ್ಟಲೆ ಅಧ್ಯಕ್ಷರಾಗಿದ್ದ ಥಾಮಸ್ ಬಾಜ್ಲಿ 1858ರಿಂದ ಅದೇ ಊರಿನ ಸಂಸದ. ಅಂದ್ರೆ ಮನವಿ ಬರೆಯೋರೂ ನಮ್ಮವರೇ, ಪಾರ್ಲಿಮೆಂಟಿನಲ್ಲಿ ಎದ್ದು ಕೇಳೋರೂ ನಮ್ಮವರೇ. ಇಂಡಿಯಾ ಮಂತ್ರಿ ಸರ್ ಚಾರ್ಲ್ಸ್ ವುಡ್‌ಗೆ ನಿಯೋಗದ ಮೇಲೆ ನಿಯೋಗ. ಕೇಳಿದ್ದೂ "ಭಾರತ ಅಭಿವೃದ್ಧಿ ಮಾಡಿ" ಅನ್ನೋ ಥರ ಗಾಳಿ ಮಾತಲ್ಲ. ಇಂಥ ಬಂದರು, ಇಂಥ ಘಟ್ಟದ ರಸ್ತೆ. ನಕ್ಷೆ ಮೇಲೆ ಬೆರಳಿಟ್ಟು ತೋರಿಸೋ ಹಾಗಿತ್ತು. ಕಾರವಾರ ಎಲ್ಲಿದೆ ಅಂತ ಗೊತ್ತಿಲ್ಲದ ಇಂಗ್ಲಿಷ್ ಪೇಪರುಗಳಲ್ಲೂ "ಸೆದಾಶೆಗರ್" ಅಂತ ನಮ್ಮ ಸದಾಶಿವಗಡದ ಹೆಸರು ಬಂತು.

ಬರೀ ಕಾಗದ ಕೊಟ್ಟು ಕೂರಲಿಲ್ಲ, ದುಡ್ಡೂ ಹಾಕಿದ್ರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಶುರುವಾಯ್ತು. ಅದರ ಕಾರ್ಯದರ್ಶಿ ಹೇವುಡ್ 1861ರಲ್ಲಿ ಭಾರತಕ್ಕೆ ಬಂದ್ರು. ಹತ್ತಿ ಒತ್ತೋ ಯಂತ್ರಗಳೂ ಬಂದವು. ಕಾರವಾರದಲ್ಲಿ ನೋಡಿದ್ರೆ ರಸ್ತೆ ಮುಗಿದಿಲ್ಲ, ಯಂತ್ರ ಇಳಿಸೋಕೆ ಸರಿಯಾದ ಧಕ್ಕೆ ಇಲ್ಲ.

ಗದ್ದಲ ಎದ್ದಿತು. ಬಾಂಬೆಯ ವ್ಯಾಪಾರಿಗಳೂ ದನಿ ಸೇರಿಸಿದ್ರು. ಅವರ ಬಾಂಬೆ ಚೇಂಬರ್ 1836ರಿಂದಲೇ ಇತ್ತು. 1862ರಲ್ಲಿ ಉತ್ತರ ಕೆನರಾವನ್ನ ಮದ್ರಾಸಿನಿಂದ ತೆಗೆದು ಬಾಂಬೆಗೆ ಸೇರಿಸಿದ್ರು. ಕಾರವಾರ ಜಿಲ್ಲಾ ಕೇಂದ್ರ ಆಯ್ತು. ಮಂಗಳೂರಿನ ಕಡೆಯ ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳೀತು. ಒಂದೇ ಕರಾವಳಿ, ಎರಡು ಸರ್ಕಾರ. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು.

(ಟಾಗೋರ್ ಬೀಚಿನಲ್ಲಿ ರೀಲ್ಸ್ ಮಾಡೋರಿಗೆ ಒಂದು ಮಾತು: ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟಾಗೋರ್ ಬಾಂಬೆ ಪ್ರೆಸಿಡೆನ್ಸಿಯ ಐಸಿಎಸ್ ಅಧಿಕಾರಿ. ಅದಕ್ಕೇ ಕಾರವಾರಕ್ಕೆ ಜಡ್ಜ್ ಆಗಿ ಬಂದ್ರು, 1880ರ ದಶಕದಲ್ಲಿ ತಮ್ಮನೂ ಬಂದು ಉಳಿದ್ರು. ಜಿಲ್ಲೆ ಮದ್ರಾಸಿನಲ್ಲೇ ಇದ್ದಿದ್ರೆ ಆ ಬೀಚಿಗೆ ಬೇರೆ ಯಾವುದೋ ಹೆಸರು ಇರ್ತಿತ್ತು.)

(4/5)
ಇಲ್ಲಿಗೇ ನಿಲ್ಲಿಸಿದ್ರೆ "ಒಳ್ಳೆ ಲಾಬಿ ಹೇಗೆ ಮಾಡಬೇಕು" ಅನ್ನೋ ಪಾಠ ಆಗ್ತಿತ್ತು. ಸೆಮಿನಾರಿನಲ್ಲಿ ನಾನು ಅಷ್ಟಕ್ಕೇ ಮುಗಿಸಿ ಚಪ್ಪಾಳೆ ತಗೊಂಡೆ. ಆಮೇಲೆ ಓದಿದ್ದು ಸ್ವಲ್ಪ ಕಹಿ.

ಗಡಿ ಬದಲಾಯ್ತು, ಆದ್ರೆ ಕಂಪನಿ ಕೆಲವೇ ವರ್ಷದಲ್ಲಿ ಮುಚ್ಚಿಹೋಯ್ತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬರೋಕೆ ಶುರುವಾದ ಮೇಲೆ ಮ್ಯಾಂಚೆಸ್ಟರ್‌ನವರಿಗೆ ನಮ್ಮ ಘಟ್ಟದ ನೆನಪು ಮೊದಲಿನಷ್ಟು ಇರಲಿಲ್ಲ. ವುಡ್‌ಗೆ ಇವರ ಮೇಲೆ ಮೊದಲಿಂದಲೂ ಸಿಟ್ಟಿತ್ತು: ಸರ್ಕಾರ ಎಲ್ಲಾ ಮಾಡಿಕೊಡಬೇಕು, ತಾವು ಮಾತ್ರ ಒಳನಾಡಿಗೆ ಹೋಗಿ ರೈತನ ಹತ್ರ ಹತ್ತಿ ಕೊಳ್ಳೋಕೆ ತಯಾರಿಲ್ಲ ಅಂತ. ನಂಗೆ ವುಡ್ ಹೇಳಿದ್ದೇ ಸರಿ ಅನ್ಸುತ್ತೆ. ಸ್ವದೇಶದಲ್ಲಿ "ಸರ್ಕಾರ ವ್ಯಾಪಾರದಲ್ಲಿ ತಲೆಹಾಕಬಾರದು" ಅಂತ ಜಗತ್ತಿಗೇ ಪಾಠ ಹೇಳಿದ ಊರು ಅದು!

ಆ ನಿಯೋಗಗಳಲ್ಲಿ ಧಾರವಾಡದ ರೈತ ಒಬ್ಬನೂ ಇರಲಿಲ್ಲ. ಸಾಹುಕಾರನ ಹತ್ರ ಮುಂಗಡ ತಗೊಂಡು ಬಿತ್ತಿದವನಿಗೆ ಬಂದರು ಯಾವುದಾದ್ರೇನು? ಕುಮಟಾದ ವ್ಯಾಪಾರಿಗಳನ್ನೂ ಯಾರೂ ಕೇಳಲಿಲ್ಲ, ಅವರ ಊರಿನ ಹೆಸರಿನಲ್ಲೇ ಹತ್ತಿ ಮಾರಾಟ ಆಗ್ತಿದ್ರೂ.

ಆಮೇಲೆ ರೈಲಿನ ಕಾಲ. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕೋ ಮಾತು ಆಗಲೇ ಇತ್ತು. ಆದ್ರೆ 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡ್ಕೊಂಡ್ರು. 1880ರ ದಶಕದಲ್ಲಿ ಗೋವಾದ ಮರ್ಮಗೋವಾದಿಂದ ಕ್ಯಾಸಲ್ ರಾಕ್ ಮೇಲೆ ಹಳಿ ಬಂತು. ಧಾರವಾಡದ ಸರಕು ಆ ಕಡೆ ತಿರುಗಿತು, ಕಾರವಾರ ಬಂದರು ಸೊರಗಿತು. ಆಗ ಕಾರವಾರದ ಪರವಾಗಿ ಲಂಡನ್ನಿನಲ್ಲಿ ಎದ್ದು ನಿಲ್ಲೋಕೆ ಬಾಜ್ಲಿಯಂಥೋರು ಯಾರೂ ಇರಲಿಲ್ಲ. ಬೇರೆಯವರ ಲಾಬಿಯಿಂದ ಸಿಕ್ಕಿದ್ದು ಬೇರೆಯವರ ಲೆಕ್ಕ ಬದಲಾದ ಕೂಡ್ಲೆ ಹೋಯ್ತು.

(5/5)
ಕಾರವಾರ, ಅಂಕೋಲಾಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಿಂದ. ಅದು ಕರಾವಳಿಗುಂಟ ಹೋಗುತ್ತೆ, ಘಟ್ಟ ಹತ್ತಿ ಹುಬ್ಬಳ್ಳಿಗೆ ಬರಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಗಿದೆ, ಆದ್ರೆ ಇನ್ನೂ ರೈಲು ಓಡಿಲ್ಲ. 1928ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದಕ್ಕಾಗಿ ಮನವಿ ಕೊಡ್ತಾನೇ ಬಂದಿದೆ. ಕಾಡು, ಹುಲಿ, ನೀರಿನ ಮೂಲ ಹಾಳಾಗುತ್ತೆ ಅಂತ ಪರಿಸರದವರು ಕೋರ್ಟಿಗೆ ಹೋಗಿದಾರೆ. ಆ ವಾದವೂ ಸುಳ್ಳಲ್ಲ. ಮಳೆಗಾಲದಲ್ಲಿ ಅರಬೈಲ್ ಘಟ್ಟದಲ್ಲಿ ಬಸ್ಸಿನಲ್ಲಿ ಕೂತು ಗುಡ್ಡ ನೋಡಿದೋರಿಗೆ ಗೊತ್ತು.

ಕಳೆದ ವಾರ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರೆ ನಮ್ ಮನವೀಲಿ ಏನ್ ಕಮ್ಮಿ?" ಅಂದ್ರು. ಕತ್ತರಿಸಿಟ್ಟ ಕಾಗದ ಎಲ್ಲಾ ತೆಗೆಸಿ ನೋಡಿದೆ. ಒಂದೇ ಮನವಿಯಲ್ಲಿ ಹನ್ನೊಂದು ಬೇಡಿಕೆ! ರೈಲಿನಿಂದ ಹಿಡಿದು ಮಾರ್ಕೆಟ್ಟಿನ ಬೀದಿದೀಪದವರೆಗೆ, ಎಲ್ಲಾ ಒಬ್ಬರಿಗೇ. ಬೀದಿದೀಪ ಪುರಸಭೆಯ ಕೆಲಸ, ಅದೊಂದನ್ನ ಬೇರೆ ಹಾಳೆಯಲ್ಲಿ ಬರೆದು, ಕೆಟ್ಟ ಕಂಬಗಳನ್ನ ಎಣಿಸಿ, ಅಂಗಡಿ ಸಾಲಿನ ಮನೆಯವರ ಸಹಿಯನ್ನೂ ಹಾಕಿಸಿ ಕೊಡೋಣ ಅಂದೆ. ಅಪ್ಪ ಹೂಂ ಅಂದಿದಾರೆ. ಭಾನುವಾರ ಕಂಬ ಎಣಿಸೋಕೆ ಹೋಗ್ತಿದೀನಿ, ಅಂಕೋಲಾದಲ್ಲಿ ಇರೋರು ಬನ್ನಿ.

ಕುಮಟಾ ಹಳೇ ಬಂದರಿನ ಫೋಟೋ ಯಾರ ಅಜ್ಜನ ಮನೇಲಾದ್ರೂ ಇದ್ರೆ ಡಿಎಂ ಮಾಡಿ, ಮುಂದಿನ ಸರಣಿಗೆ ಬೇಕು.

#ಕಾರವಾರ #ಕುಮಟಾಹತ್ತಿ #ಬಿಕಾಂಇತಿಹಾಸ